ಟೊಮೆಟೊ ಮಂಡಿಯ ಸ್ವಿಚ್ಚಿಗೆ ಖಾಯಂ ಐಪಿ ಕೊಡುವುದು ಹೇಗೆ

2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2000 ರೂಪಾಯಿ ದಾಟಿತಲ್ಲ, ಆಗ ಮಂಡಿಯವರಿಗೆಲ್ಲ ಕ್ಯಾಮೆರಾ ಬೇಕಾಯಿತು. ನನಗೂ ಕೈತುಂಬ ಕೆಲಸ. ಒಂದು ಮಂಡಿಗೆ ಬೆಂಗಳೂರಿನ ಎಸ್‌ಪಿ ರೋಡಿನಿಂದ ಸೆಕೆಂಡ್ ಹ್ಯಾಂಡ್ ಸಿಸ್ಕೋ 2960 ಸ್ವಿಚ್ ತಂದು ಹಾಕಿದೆ. ಸ್ವಿಚ್ ಅಂದರೆ ಕ್ಯಾಮೆರಾಗಳ ಕೇಬಲ್‌ಗಳನ್ನೆಲ್ಲ ಒಂದೇ ನೆಟ್‌ವರ್ಕಿಗೆ ಸೇರಿಸುವ ಡಬ್ಬಿ. ಕ್ಯಾಮೆರಾಗೆ ಕರೆಂಟೂ ಅದರಿಂದಲೇ ಹೋಗುವ ಪಿಓಇ ಮಾಡೆಲ್.

ಸ್ವಿಚ್ಚಿಗೆ ಐಪಿ, ಅಂದರೆ ನೆಟ್‌ವರ್ಕಿನಲ್ಲಿ ಅದರ ವಿಳಾಸದ ನಂಬರ್, ಇಲ್ಲದಿದ್ದರೂ ಕ್ಯಾಮೆರಾಗಳು ಓಡುತ್ತವೆ. ಆದರೆ ಯಾವುದೋ ಒಂದು ಹ್ಯಾಂಗ್ ಆಯಿತು ಅನ್ನಿ, ಏಣಿ ಹತ್ತುವ ಬದಲು ಕೂತಲ್ಲೇ ಆ ಪೋರ್ಟ್ ಆಫ್ ಮಾಡಿ ಆನ್ ಮಾಡಬೇಕಾದರೆ ಸ್ವಿಚ್ಚಿಗೊಂದು ಖಾಯಂ ಐಪಿ ಬೇಕು. ಐಪಿಯೇ ಇಲ್ಲದ್ದಕ್ಕೆ ನೆಟ್‌ವರ್ಕ್ ಕಡೆಯಿಂದ ಹೋಗುವುದು ಹೇಗೆ? ಲ್ಯಾಪ್‌ಟಾಪನ್ನು ನೇರವಾಗಿ ಜೋಡಿಸಲು ಹಿಂದುಗಡೆ ಇರುವ ಕನ್ಸೋಲ್ ಪೋರ್ಟಿನಿಂದಲೇ ಹೋಗಬೇಕು.

ಕೇಬಲ್ ಮುಟ್ಟುವ ಮೊದಲು ನಂಬರ್ ಗೊತ್ತು ಮಾಡಿಕೊಳ್ಳಿ. ಈ ಮಂಡಿಯ ರೂಟರ್ 192.168.10.1. ಅದು ತಾನಾಗಿ ಹಂಚುವ ಐಪಿಗಳ ಕೊನೆಯ ಅಂಕಿ 100ರಿಂದ 200ರವರೆಗೆ. ಕ್ಯಾಮೆರಾಗಳಿಗೆ ನಾನು ಕೊಟ್ಟಿದ್ದು 21ರಿಂದ ಮುಂದಕ್ಕೆ. ಹಾಗಾಗಿ ಸ್ವಿಚ್ಚಿಗೆ 10 ಅಂತ ಇಟ್ಟೆ. ರೂಟರ್ ಹಂಚುವ ಸಾಲಿನೊಳಗಿನ ನಂಬರ್ ಮಾತ್ರ ತೆಗೆದುಕೊಳ್ಳಬೇಡಿ. ಇವತ್ತು ಸರಿ ಇರುತ್ತದೆ, ಮುಂದಿನ ವಾರ ಯಾರದೋ ಮೊಬೈಲಿಗೆ ಅದೇ ನಂಬರ್ ಹೋಗಿ ಎರಡೂ ಒದ್ದಾಡುತ್ತವೆ. ಒಂದು ಸಲ ಪಿಂಗ್ ಮಾಡಿ, ಅಂದರೆ ಆ ನಂಬರಿನಿಂದ ಉತ್ತರ ಬರುತ್ತದಾ ಅಂತ ಲ್ಯಾಪ್‌ಟಾಪಿನಿಂದ ಕೇಳಿ ನೋಡಿ. ಉತ್ತರ ಬರಲಿಲ್ಲ ಅಂದರೆ ಖಾಲಿ ಅಂತಲೇ ಅರ್ಥವಲ್ಲ, ಆ ನಂಬರಿನ ಕ್ಯಾಮೆರಾ ಆಫ್ ಆಗಿರಬಹುದು. ಅದಕ್ಕೇ ನಾನು ಮಂಡಿಗೊಂದು ಪುಟದಂತೆ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ.

ಕನ್ಸೋಲ್ ಕೇಬಲ್ ಅಂದರೆ ಆಕಾಶನೀಲಿ ಬಣ್ಣದ ಚಪ್ಪಟೆ ಕೇಬಲ್. ಒಂದು ತುದಿ ಸ್ವಿಚ್ಚಿನ ಕನ್ಸೋಲ್ ಪೋರ್ಟಿಗೆ, ಇನ್ನೊಂದು ತುದಿಗೆ ಯುಎಸ್‌ಬಿ ಕನ್ವರ್ಟರ್ ಹಾಕಿ ಲ್ಯಾಪ್‌ಟಾಪಿಗೆ ಚುಚ್ಚಿ. ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ ಯಾವ ಕಾಮ್ ಪೋರ್ಟ್ ಬಂತು ನೋಡಿ, ಪುಟ್ಟಿ (PuTTY) ಅನ್ನುವ ಪ್ರೋಗ್ರಾಂ ತೆರೆದು ಸೀರಿಯಲ್ ಆರಿಸಿ ಆ ನಂಬರ್ ಕೊಡಿ. ಸ್ಪೀಡ್ 9600, ಡೇಟಾ ಬಿಟ್ 8, ಸ್ಟಾಪ್ ಬಿಟ್ 1, ಪ್ಯಾರಿಟಿ ಇಲ್ಲ, ಫ್ಲೋ ಕಂಟ್ರೋಲ್ 'ನನ್' (None). ಕೊನೆಯದನ್ನು ಎಷ್ಟೋ ಜನ ಹಾಗೇ ಬಿಟ್ಟುಬಿಡುತ್ತಾರೆ. ಆಮೇಲೆ ಅಕ್ಷರ ಕಾಣುತ್ತದೆ ಆದರೆ ಟೈಪ್ ಆಗುತ್ತಿಲ್ಲ ಅಂತ ನನಗೆ ಫೋನ್ ಮಾಡುತ್ತಾರೆ. ಪರದೆ ತುಂಬ ಚಿತ್ರವಿಚಿತ್ರ ಗುರುತು ಬಂದರೆ ಸ್ಪೀಡ್ ತಪ್ಪಿದೆ. ಏನೂ ಬರದಿದ್ದರೆ ಒಂದೆರಡು ಸಲ ಎಂಟರ್ ಒತ್ತಿ.

ಸೆಟ್ಟಿಂಗ್ ಇಲ್ಲದ ಸ್ವಿಚ್ ಆದರೆ ಪ್ರಶ್ನೆ ಕೇಳಿ ಸೆಟಪ್ ಮಾಡಲೇ ಅನ್ನುತ್ತದೆ. 'ನೋ' ಅನ್ನಿ. ಹಳೇ ಓನರ್ ಇಟ್ಟ ಪಾಸ್‌ವರ್ಡನ್ನು ಸ್ವಿಚ್ ಕೇಳಿದರೆ, ಮುಂದುಗಡೆಯ ಮೋಡ್ ಬಟನ್ ಒತ್ತಿ ಹಿಡಿದು ಪವರ್ ಕೊಟ್ಟು ಹಳೇ ಸೆಟ್ಟಿಂಗ್ ಅಳಿಸಬೇಕು. ಅದು ಬೇರೆಯೇ ಕೆಲಸ, ಇವತ್ತು ಬೇಡ.

ಇನ್ನು ಕಮಾಂಡ್. ನಮ್ಮ ಹುಡುಗರಿಗೆ ಫೋನಿನಲ್ಲಿ ಹೇಳುವ ಹಾಗೇ ಬರೆಯುತ್ತೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹಾಕಿಕೊಳ್ಳಿ. ವಿಲ್ಯಾನ್ ಅಂದರೆ vlan, ಸ್ವಿಚ್ಚಿನೊಳಗಿನ ಪೋರ್ಟುಗಳ ಗುಂಪು. ಒಂದೊಂದಕ್ಕೂ ಎಂಟರ್.

ಎನೇಬಲ್
ಕಾನ್ಫಿಗರ್ ಟರ್ಮಿನಲ್
ಇಂಟರ್‌ಫೇಸ್ ವಿಲ್ಯಾನ್ 1
ಐಪಿ ಅಡ್ರೆಸ್ 192.168.10.10 255.255.255.0
ನೋ ಷಟ್‌ಡೌನ್
ಎಕ್ಸಿಟ್
ಐಪಿ ಡಿಫಾಲ್ಟ್-ಗೇಟ್‌ವೇ 192.168.10.1
ಎಂಡ್

ಎನೇಬಲ್ ಆದ ಮೇಲೆ > ಹೋಗಿ # ಬರಬೇಕು. ಅಲ್ಲಿ ಒಂದು ಪದ ತಪ್ಪಾಗಿ ಹೊಡೆದರೆ ಸ್ವಿಚ್ಚು ಅದನ್ನು ಯಾವುದೋ ಕಂಪ್ಯೂಟರಿನ ಹೆಸರು ಅಂದುಕೊಂಡು ಹುಡುಕುತ್ತಾ ಕೂರುತ್ತದೆ. ಹ್ಯಾಂಗ್ ಆಯಿತು ಅಂತ ಪವರ್ ಕೀಳಬೇಡಿ. ಕಂಟ್ರೋಲ್, ಶಿಫ್ಟ್, 6 ಮೂರನ್ನೂ ಒಟ್ಟಿಗೆ ಒತ್ತಿದರೆ ಬಿಡುತ್ತದೆ.

ಈಗ 'ಶೋ ಐಪಿ ಇಂಟರ್‌ಫೇಸ್ ಬ್ರೀಫ್' ಹೊಡೆದು ವಿಲ್ಯಾನ್ 1ರ ಸಾಲು ನೋಡಿ. ಕೊನೆಯ ಎರಡು ಕಾಲಂನಲ್ಲಿ 'ಅಪ್, ಅಪ್' ಇರಬೇಕು. 'ಅಡ್ಮಿನಿಸ್ಟ್ರೇಟಿವ್ಲಿ ಡೌನ್' ಅಂದರೆ ನೋ ಷಟ್‌ಡೌನ್ ಬಿಟ್ಟಿದ್ದೀರಿ. 'ಅಪ್, ಡೌನ್' ಅಂದರೆ ಕಮಾಂಡ್ ಸರಿ ಇದೆ, ಯಾವ ಪೋರ್ಟಿಗೂ ಕೇಬಲ್ ಹಾಕಿಲ್ಲ ಅಷ್ಟೆ. ನಾನು ಮೊದಲ ಸಲ ಸ್ವಿಚ್ಚನ್ನು ಮೇಜಿನ ಮೇಲೆ ಒಂಟಿಯಾಗಿ ಇಟ್ಟುಕೊಂಡು ಇದೇ 'ಡೌನ್' ಜೊತೆ ಅರ್ಧ ದಿನ ಗುದ್ದಾಡಿದ್ದೆ. ರೂಟರಿನ ಕೇಬಲ್ ಚುಚ್ಚಿದ ತಕ್ಷಣ ಅಪ್ ಆಯಿತು.

ಕೆಲಸ ಇನ್ನೂ ಮುಗಿದಿಲ್ಲ. ಇಷ್ಟು ಹೊತ್ತು ಬರೆದದ್ದೆಲ್ಲ ಸ್ವಿಚ್ಚಿನ ರ‍್ಯಾಮಿನಲ್ಲಿದೆ. 'ರೈಟ್ ಮೆಮೊರಿ' (write memory) ಹೊಡೆದು 'ಓಕೆ' ಬರುವವರೆಗೂ ಅದು ಉಳಿಯುವುದಿಲ್ಲ. ಈ ಮಂಡಿಯಲ್ಲೇ ನಾನು ಇದನ್ನು ಮರೆತೆ. ಪಿಂಗ್ ಬಂತು, ಖುಷಿಯಾಗಿ ಟೀ ಕುಡಿದು ಹೊರಟುಬಿಟ್ಟೆ. ರಾತ್ರಿ ಕರೆಂಟ್ ಹೋಗಿ ಬಂತು. ಬೆಳಗ್ಗೆ ನೋಡಿದರೆ ಐಪಿ ಇಲ್ಲ. ನಾನು ಹೋಗುವಷ್ಟರಲ್ಲಿ ಹರಾಜು ಶುರುವಾಗಿತ್ತು. ಆ ಗಲಾಟೆಯಲ್ಲಿ ಕ್ರೇಟುಗಳ ಮಧ್ಯೆ ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಕೂತಿದ್ದೆ. "ಏನಮ್ಮಾ, ನಿನ್ನೆ ತಾನೇ ಆಯ್ತು ಅಂದಿದ್ದೆ?" ಅಂದರು ಸಾಹುಕಾರರು. "ಸೇವ್ ಮಾಡೋದು ಮರೆತಿದ್ದೆ ಅಣ್ಣ" ಅಂತ ಒಪ್ಪಿಕೊಂಡೆ. ಈಗೆಲ್ಲ ಸೇವ್ ಮಾಡಿದ ಮೇಲೆ ಬೇಕಂತಲೇ ಪವರ್ ಕಿತ್ತು ಮತ್ತೆ ಹಾಕುತ್ತೇನೆ. ಏಳುವುದಕ್ಕೆ ಕೆಲವು ನಿಮಿಷ ಬೇಕು. ಎದ್ದ ಮೇಲೂ ಪಿಂಗ್ ಬಂದರೆ ಮಾತ್ರ ಬ್ಯಾಗ್ ಕಟ್ಟುವುದು.

ಐಪಿ ಕೊಟ್ಟ ಮಾತ್ರಕ್ಕೆ ದೂರದಿಂದ ಲಾಗಿನ್ ಆಗುವುದಿಲ್ಲ, ಅದಕ್ಕೆ ಯೂಸರ್, ಪಾಸ್‌ವರ್ಡ್, ಮತ್ತೆ ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗುವ ದಾರಿಯಾದ ಎಸ್‌ಎಸ್‌ಎಚ್ ಬೇರೆ ಹಾಕಬೇಕು. ಕನ್ಸೋಲಿನಲ್ಲಿ ಇದ್ದಾಗಲೇ ಮುಗಿಸಿಕೊಂಡರೆ ಒಳ್ಳೆಯದು. ಐಪಿಯನ್ನು ಒಂದು ಸ್ಟಿಕ್ಕರಿನಲ್ಲಿ ಬರೆದು ಸ್ವಿಚ್ಚಿನ ಮುಂದೆ ಅಂಟಿಸಿ, ಪಾಸ್‌ವರ್ಡ್ ಬೇಡ. ನೀಲಿ ಕೇಬಲನ್ನು ಮರೆಯದೆ ತೆಗೆದುಕೊಂಡು ಬನ್ನಿ. ನಾನು ಒಂದು ಸಲ ಮಂಡಿಯಲ್ಲೇ ಬಿಟ್ಟು ಬಂದಿದ್ದೆ, ವಾರದ ಮೇಲೆ ಹೋದಾಗ ಅದರಲ್ಲಿ ಖಾಲಿ ಕ್ರೇಟು ಕಟ್ಟಿಟ್ಟಿದ್ದರು.