ಆಟಿಕೆಯ ಅಗ್ನಿಶಾಮಕ ಸಲಕರಣೆಗಳಿಗೆ ನೈಜ ರೂಪ ಕೊಡುವುದು ಹೇಗೆ?

ಆಟಿಕೆಯ ಅಗ್ನಿಶಾಮಕ ವಾಹನವನ್ನು ನಿಜದಂತೆ ಕಾಣಿಸುವ ಉತ್ಸಾಹದಲ್ಲಿ ಹಲವರು ಮೊದಲು ಕೈಗೆತ್ತಿಕೊಳ್ಳುವುದು ಬಣ್ಣದ ಡಬ್ಬಿಯನ್ನು. ಕೊಡಲಿ, ಏಣಿ, ನಾಝಲ್ ಎಲ್ಲಕ್ಕೂ ಹೊಳೆಯುವ ಬೆಳ್ಳಿ ಬಣ್ಣ ಬಳಿದು, ಅದರ ಮೇಲೆ ಒಂದಿಷ್ಟು ತುಕ್ಕಿನ ಕಲೆ ಹಚ್ಚಿದರೆ ಕೆಲಸ ಮುಗಿಯಿತೆಂದು ಭಾವಿಸುತ್ತಾರೆ. ದೂರದಿಂದ ಅದು ಚೆನ್ನಾಗಿಯೇ ಕಾಣುತ್ತದೆ. ಹತ್ತಿರದಿಂದ ನೋಡಿದಾಗ ಮಾತ್ರ ಹೋಸ್ ಪೈಪು ಗೊಂಬೆಯ ತೊಡೆಯಷ್ಟು ದಪ್ಪವಿರುವುದು, ಕೊಡಲಿ ಅದರ ಎದೆಯೆತ್ತರಕ್ಕೆ ಬರುವುದು ಕಣ್ಣಿಗೆ ಹೊಡೆಯುತ್ತದೆ. ಅಳತೆ ತಪ್ಪಿದ ಸಲಕರಣೆಯನ್ನು ಯಾವ ಬಣ್ಣವೂ ಸರಿಪಡಿಸಲಾರದು. ಆದ್ದರಿಂದ ಈ ಕೆಲಸ ಅಳತೆಪಟ್ಟಿಯಿಂದಲೇ ಆರಂಭವಾಗಬೇಕು.

ಮೊದಲು ಗೊಂಬೆಯ ಹೆಲ್ಮೆಟ್ ತೆಗೆದು ಎತ್ತರವನ್ನು ಅಳೆಯಿರಿ. ಮನುಷ್ಯನ ಎತ್ತರವನ್ನು 175 ಸೆಂ.ಮೀ. ಎಂದಿಟ್ಟುಕೊಂಡರೆ, 11 ಸೆಂ.ಮೀ. ಎತ್ತರದ ಗೊಂಬೆಯ ಪ್ರಮಾಣ ಸುಮಾರು 1:16, ಎಂದರೆ ನಿಜದ ಹದಿನಾರನೆಯ ಒಂದು ಭಾಗ, ಆಗುತ್ತದೆ. ನಿಜವಾದ ವಾಹನದ ಅಗಲ ಸಾಮಾನ್ಯವಾಗಿ 2.5 ಮೀಟರ್ ಆಸುಪಾಸಿನಲ್ಲಿ ಇರುವುದರಿಂದ ಆಟಿಕೆ ವಾಹನದ ಪ್ರಮಾಣವನ್ನೂ ಹೀಗೆಯೇ ಲೆಕ್ಕ ಹಾಕಬಹುದು. ಎರಡೂ ಲೆಕ್ಕಗಳು ಹೊಂದದಿದ್ದರೆ, ಮತ್ತು ಅಗ್ಗದ ಸೆಟ್‌ಗಳಲ್ಲಿ ಅವು ಹೊಂದುವುದು ಅಪರೂಪ, ಗೊಂಬೆಯ ಪ್ರಮಾಣವನ್ನೇ ಹಿಡಿಯಿರಿ. ರಕ್ಷಣಾ ಸಲಕರಣೆಗಳು ಕೈಯಲ್ಲಿ ಹಿಡಿಯುವಂಥವು. ಅವು ಕೈಗೆ ಒಪ್ಪಬೇಕೇ ಹೊರತು ವಾಹನಕ್ಕಲ್ಲ. ಇಲ್ಲಿಂದ ಮುಂದಿನ ಅಳತೆಗಳೆಲ್ಲ 1:16ರ ಪ್ರಕಾರ ಕೊಟ್ಟಂಥವು.

ಎರಡನೆಯದು ಪ್ಲಾಸ್ಟಿಕ್‌ನ ಪರೀಕ್ಷೆ. ಟೊಳ್ಳಿಲ್ಲದ ಒಂದು ಬಿಡಿಭಾಗವನ್ನು ನೀರಿನಲ್ಲಿ ಬಿಡಿ. ತೇಲಿದರೆ ಅದು ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್ ಆಗಿರುವ ಸಾಧ್ಯತೆಯೇ ಹೆಚ್ಚು. ಅದರ ಮೇಲೆ ಬಣ್ಣವೂ ನಿಲ್ಲುವುದಿಲ್ಲ, ಸಾಮಾನ್ಯ ಅಂಟೂ ಹಿಡಿಯುವುದಿಲ್ಲ, ಆದ್ದರಿಂದ ಇಂಥ ಪ್ಲಾಸ್ಟಿಕ್‌ಗೆಂದೇ ಬರುವ ಪ್ರೈಮರ್ ಬೇಕು. ಮುಳುಗಿದರೆ ಬಹುಮಟ್ಟಿಗೆ ಎಬಿಎಸ್ ಅಥವಾ ಪಾಲಿಸ್ಟೈರೀನ್. ಸೋಪಿನ ನೀರಿನಲ್ಲಿ ತೊಳೆದು, 600 ಸಂಖ್ಯೆಯ ಸ್ಯಾಂಡ್‌ಪೇಪರಿನಿಂದ ಹಗುರವಾಗಿ ಉಜ್ಜಿದರೆ ಸಾಕು. ಹಳೆಯ ಬಣ್ಣವನ್ನು ಥಿನ್ನರ್‌ನಿಂದ ಒರೆಸುವ ಅಡ್ಡದಾರಿಯನ್ನು ಹಿಡಿಯಬೇಡಿ. ಅದು ಬಣ್ಣದ ಜೊತೆಗೆ ಪ್ಲಾಸ್ಟಿಕ್ಕನ್ನೂ ಕರಗಿಸುತ್ತದೆ, ಮತ್ತು ಸೂಕ್ಷ್ಮವಾದ ಗೆರೆಗಳು ಒಮ್ಮೆ ಅಳಿಸಿಹೋದರೆ ಮತ್ತೆ ಬರುವುದಿಲ್ಲ.

ಮೂರನೆಯ ಹಂತ ಹೋಸ್ ಪೈಪು. ಹೆಚ್ಚಿನವರು ಎಡವುವುದು ಇಲ್ಲಿಯೇ, ಮತ್ತು ಇಡೀ ವಾಹನ ನಿಜವೆನಿಸುವುದೂ ಇದರಿಂದಲೇ. ಸೆಟ್‌ನ ಜೊತೆಗೆ ಬರುವ ಗಿಡ್ಡ ರಬ್ಬರ್ ಕೊಳವೆಯನ್ನು ಮುಲಾಜಿಲ್ಲದೆ ತೆಗೆದುಬಿಡಿ. ನೀರು ಹಾಯಿಸುವ ನಿಜವಾದ ಹೋಸ್ ಬಟ್ಟೆಯಂತೆ ನೇಯ್ದದ್ದು. ನೀರಿಲ್ಲದಾಗ ಚಪ್ಪಟೆಯಾಗಿ ಮಲಗುತ್ತದೆ, ನೀರು ತುಂಬಿದಾಗ ಮಾತ್ರ ದುಂಡಗಾಗುತ್ತದೆ. 64 ಮಿ.ಮೀ. ವ್ಯಾಸದ ಹೋಸ್ ಚಪ್ಪಟೆಯಾದಾಗ ಅದರ ಅಗಲ ಸುಮಾರು 100 ಮಿ.ಮೀ. ಆಗುತ್ತದೆ. ನಮ್ಮ ಪ್ರಮಾಣದಲ್ಲಿ ಇದು 6 ಮಿ.ಮೀ.ಗಿಂತ ತುಸು ಹೆಚ್ಚು, ಎಂದರೆ ಚಪ್ಪಟೆ ಶೂ ಲೇಸಿನ ಅಗಲ. 15 ಮೀಟರ್ ಉದ್ದದ ಹೋಸ್ ಬೇಕೆಂದರೆ 94 ಸೆಂ.ಮೀ. ಲೇಸ್ ಕತ್ತರಿಸಬೇಕು.

ಲೇಸ್ ಆರಿಸುವಾಗ ಅಗಲಕ್ಕಿಂತ ದಪ್ಪವನ್ನೇ ಮುಖ್ಯವಾಗಿ ನೋಡಿ. 1 ಮಿ.ಮೀ. ದಪ್ಪದ ಲೇಸನ್ನು ಸುತ್ತಿದರೆ ಸುರುಳಿಯ ವ್ಯಾಸ ಸುಮಾರು 35 ಮಿ.ಮೀ. ಆಗುತ್ತದೆ, ಅದು ಸರಿಯಾದ ಗಾತ್ರ. 2 ಮಿ.ಮೀ. ದಪ್ಪದ ಲೇಸ್ ತಂದಿರೋ, ಅದೇ ಸುರುಳಿ 49 ಮಿ.ಮೀ.ಗೆ ಉಬ್ಬಿ ವಾಹನದ ಕಪಾಟಿನ ಬಾಗಿಲು ಮುಚ್ಚುವುದೇ ಇಲ್ಲ. ನಾನು ಬಿಳಿ ಹತ್ತಿಯ ಲೇಸನ್ನು ಬಿಟ್ಟು ಬೇರೆಯದನ್ನು ಬಳಸುವುದಿಲ್ಲ. ಪಾಲಿಯೆಸ್ಟರ್ ಲೇಸಿನ ಮಿರುಗು ಎಷ್ಟು ಬಣ್ಣ ಹಚ್ಚಿದರೂ ಹೋಗುವುದಿಲ್ಲ. ಲೇಸನ್ನು ಮೊದಲು ನೀರಿನಲ್ಲಿ ನೆನೆಸಿ ಹಿಂಡಿ, ಬಳಿಕ ಒಂದು ಪಾಲು ಅಕ್ರಿಲಿಕ್ ಬಣ್ಣಕ್ಕೆ ಹತ್ತು ಪಾಲು ನೀರು ಬೆರೆಸಿದ ದ್ರಾವಣದಲ್ಲಿ ಅದ್ದಿ. ಬಣ್ಣ ಇದಕ್ಕಿಂತ ಗಟ್ಟಿಯಾದರೆ ಲೇಸ್ ಒಣಗಿದ ಹಪ್ಪಳದಂತೆ ಸೆಟೆದುಕೊಂಡು, ಸುತ್ತುವಾಗ ಬಿರುಕು ಬಿಡುತ್ತದೆ. ಅರೆಬರೆ ಒಣಗಿದಾಗ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು, ಮೇಲೆ ಭಾರವಾದ ಪುಸ್ತಕ ಹೇರಿ ರಾತ್ರಿಯಿಡೀ ಬಿಡಿ.

ಇನ್ನು ತುದಿಗಳು. ದಾರ ಬಿಚ್ಚಿಕೊಳ್ಳದಂತೆ ಹಲವರು ಥಟ್ಟನೆ ಅಂಟುವ ಸೂಪರ್ ಗ್ಲೂ ಹಚ್ಚುತ್ತಾರೆ. ಹತ್ತಿಯ ಮೇಲೆ ಅದನ್ನು ಖಂಡಿತ ಹಾಕಬಾರದು. ಹತ್ತಿಯೊಂದಿಗೆ ಸೇರಿದೊಡನೆ ಅದು ಬೆರಳು ಸುಡುವಷ್ಟು ಬಿಸಿಯಾಗುತ್ತದೆ, ಕೆಲವೊಮ್ಮೆ ಹೊಗೆಯೂ ಏಳುತ್ತದೆ. ಮರಗೆಲಸದ ಬಿಳಿ ಅಂಟನ್ನು ನೀರಿನಲ್ಲಿ ತೆಳುವಾಗಿಸಿ ತುದಿಯ ಒಂದು ಸೆಂ.ಮೀ.ಗೆ ಹೀರಿಸಿ, ಒಣಗಿದ ಮೇಲೆ ಹರಿತವಾದ ಬ್ಲೇಡಿನಿಂದ ನೇರವಾಗಿ ಕತ್ತರಿಸಿ. ಬಳಿಕ 4 ಮಿ.ಮೀ. ವ್ಯಾಸದ ಅಲ್ಯೂಮಿನಿಯಂ ಕೊಳವೆಯ ಸಣ್ಣ ತುಂಡಿನ ಬಾಲಕ್ಕೆ ಲೇಸಿನ ತುದಿಯನ್ನು ಸುತ್ತಿ, ಅದರ ಮೇಲೆ ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿಯನ್ನು ಒಂದಕ್ಕೊಂದು ತಾಗುವಂತೆ ಎಂಟು ಹತ್ತು ಸುತ್ತು ಬಿಗಿಯಿರಿ. ನಿಜವಾದ ಹೋಸನ್ನೂ ಕಪ್ಲಿಂಗ್‌ಗೆ, ಎಂದರೆ ತುದಿಯಲ್ಲಿರುವ ಲೋಹದ ಜೋಡಣೆಗೆ, ಹೀಗೆ ತಂತಿಯಿಂದ ಬಿಗಿಯುವ ಪದ್ಧತಿ ಇದೆ. ಇಷ್ಟು ಚಿಕ್ಕ ಜಾಗದಲ್ಲಿ ಆ ತಾಮ್ರದ ಪಟ್ಟಿ ಕಂಡೊಡನೆ ನೋಡುವವರ ಕಣ್ಣು ಉಳಿದದ್ದೆಲ್ಲವನ್ನೂ ನಂಬತೊಡಗುತ್ತದೆ. ತಂತಿಯ ಕೊನೆಯನ್ನು ಒಳಕ್ಕೆ ಮಡಚಿ ಒತ್ತಿ. ಚೂಪಾಗಿ ಹೊರಗೆ ಬಿಟ್ಟರೆ ಕೈಗೆ ತಗಲುತ್ತದೆ.

ಸುತ್ತುವಾಗ ಹೋಸನ್ನು ನಡುವೆ ಮಡಚಿ, ಮಡಿಕೆಯಿಂದಲೇ ಸುರುಳಿ ಆರಂಭಿಸಿದರೆ ಎರಡೂ ಕಪ್ಲಿಂಗ್‌ಗಳು ಹೊರಬದಿಗೆ ಬರುತ್ತವೆ. ಗೊಂಬೆ ನೀರು ಹಾಯಿಸುತ್ತಿರುವ ದೃಶ್ಯ ಬೇಕಿದ್ದರೆ ಚಪ್ಪಟೆ ಲೇಸ್ ಸಲ್ಲದು. ಅದಕ್ಕೆ 4 ಮಿ.ಮೀ. ದಪ್ಪದ ದುಂಡನೆಯ ಹೆಣೆದ ಹಗ್ಗದೊಳಗೆ ತಂತಿ ತೂರಿಸಿ, ದೊಡ್ಡ ಬಾಗುಗಳನ್ನು ಕೊಟ್ಟು ನೆಲಕ್ಕೆ ಒತ್ತಿಡಬೇಕು.

ಕೆರೆಯಿಂದಲೋ ತೊಟ್ಟಿಯಿಂದಲೋ ನೀರೆಳೆಯುವ ಹೋಸ್ ಬೇರೆಯದೇ ಜಾತಿ. ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಿಮೆಯಾದಾಗ ಅದು ಕುಸಿಯದಂತೆ ಗಟ್ಟಿಯಾಗಿರಬೇಕು. ಸ್ಪ್ರಿಂಗಿನಂತೆ ಸುತ್ತಿದ ತಂತಿಯ ಮೇಲೆ ಬಿಸಿಗೆ ಕುಗ್ಗುವ ಕಪ್ಪು ಹೀಟ್ ಶ್ರಿಂಕ್ ಟ್ಯೂಬ್ ಹಾಕಿ ಬಿಸಿ ಮಾಡಿದರೆ ಅದರ ಏಣುಗಳು ತಾವಾಗಿಯೇ ಮೂಡುತ್ತವೆ.

ಕೈ ಸಲಕರಣೆಗಳು ಸುಲಭ. ಬಾಗಿಲು ಮೀಟಲು ಬಳಸುವ ಹ್ಯಾಲಿಗನ್ ಬಾರ್, 1948ರಲ್ಲಿ ನ್ಯೂಯಾರ್ಕ್ ನಗರದ ಅಗ್ನಿಶಾಮಕ ದಳದ ಅಧಿಕಾರಿ ಹ್ಯೂ ಹ್ಯಾಲಿಗನ್ ರೂಪಿಸಿದ್ದು, ಸಾಮಾನ್ಯವಾಗಿ 76 ಸೆಂ.ಮೀ. ಉದ್ದವಿರುತ್ತದೆ, ನಮಗೆ 4.7 ಸೆಂ.ಮೀ. ಸಾಕು. ಒಂದು ತುದಿಯಲ್ಲಿ ಕವಲು, ಇನ್ನೊಂದರಲ್ಲಿ ಬಾಚಿಯಂಥ ಅಲಗು ಮತ್ತು ಮೊನೆ ಇರಲಿ. ಲೋಹ ಕತ್ತರಿಸುವ ಹೈಡ್ರಾಲಿಕ್ ಕಟರ್‌ಗೆ ಪಂಪಿನಿಂದ ಕೊಳವೆ ಜೋಡಿಸಿ, ಇಲ್ಲವೇ ಹಿಂಬದಿಗೆ ಬ್ಯಾಟರಿಯ ಚೌಕ ಅಂಟಿಸಿ. ಎರಡೂ ಇಲ್ಲದ ಕಟರ್ ಕೆಲಸ ಮಾಡುವುದಾದರೂ ಹೇಗೆ? ಬೆನ್ನಿನ ಗಾಳಿ ಸಿಲಿಂಡರಿನ ವಾಲ್ವ್ ಕೆಳಮುಖವಾಗಿರಬೇಕು. ಏಣಿಯ ಮೆಟ್ಟಿಲುಗಳ ನಡುವೆ 19 ಮಿ.ಮೀ. ಅಂತರವಿರಲಿ.

ಈಗ ಬಣ್ಣ. ಉಕ್ಕಿನ ಭಾಗಗಳಿಗೆ ಬೆಳ್ಳಿ ಬಣ್ಣ ಬೇಡವೇ ಬೇಡ. ಮಾಸಲು ಕಪ್ಪು ಬಳಿದು, ಒಣಗಿದ ಮೇಲೆ ಮೆತ್ತನೆಯ ಪೆನ್ಸಿಲಿನ ಪುಡಿಯನ್ನು ಬೆರಳಿನಿಂದ ಅಂಚುಗಳಿಗೆ ತಿಕ್ಕಿದರೆ ಸಿಗುವ ಲೋಹದ ಮಿರುಗು ಯಾವ ಡಬ್ಬಿಯ ಬಣ್ಣದಿಂದಲೂ ಸಿಗುವುದಿಲ್ಲ. ತುಕ್ಕನ್ನು ಪೂರ್ತಿಯಾಗಿ ಬಿಟ್ಟುಬಿಡಿ, ಏಕೆಂದರೆ ಇವು ಪ್ರತಿ ಬಳಕೆಯ ನಂತರ ತೊಳೆದು ಒರೆಸಿಡುವ ಸಲಕರಣೆಗಳು. ಸವೆತ ಕಾಣಬೇಕಾದದ್ದು ಕೈ ತಾಗುವ ಹಿಡಿಕೆಗಳಲ್ಲಿ, ಏಣಿಯನ್ನು ಎಳೆದು ಇಳಿಸುವ ಅಂಚಿನಲ್ಲಿ, ಕಪಾಟಿನ ತಳದಲ್ಲಿ ಮಾತ್ರ.

ಮಿನುಗು ದೀಪ ಅಳವಡಿಸುವವರು ಬಟನ್ ಸೆಲ್ ಇರುವ ಗೂಡನ್ನು ಸ್ಕ್ರೂ ಹಾಕಿಯೇ ಮುಚ್ಚಬೇಕು. ಟೇಪು ಅಂಟಿಸಿದರೆ ಸಾಲದು. ಮಗು ಸೆಲ್ಲನ್ನು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ತೀವ್ರವಾದ ಸುಟ್ಟಗಾಯವಾಗಬಲ್ಲದು. ನುಂಗಿದ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮೂರು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಈ ಸಣ್ಣ ಬಿಡಿಭಾಗಗಳೆಲ್ಲ ಎತ್ತರದ ಕಪಾಟಿನಲ್ಲಿರಲಿ.

ಕೊನೆಯದಾಗಿ ವಾರ್ನಿಷ್: ವಾಹನದ ಮೈಗೆ ಹೊಳಪಿನದು, ಕೈ ಸಲಕರಣೆಗಳಿಗೆ ಮಾಸಲಿನದು, ಹೋಸಿಗೆ ಯಾವುದೂ ಬೇಡ. ಒಂದು ಪೂರ್ತಿ ದಿನ ಒಣಗಲು ಬಿಟ್ಟ ಮೇಲೆಯೇ ಸಲಕರಣೆಗಳನ್ನು ಕಪಾಟಿನೊಳಗೆ ಜೋಡಿಸಿ; ಅವಸರಪಟ್ಟರೆ ಅವು ಅಲ್ಲಿಯೇ ಅಂಟಿಕೊಂಡು, ಬಿಡಿಸುವಾಗ ಬಣ್ಣ ಕಿತ್ತುಬರುತ್ತದೆ.