ಗಣಿತ, ಅರ್ಥಶಾಸ್ತ್ರ ಎರಡನ್ನೂ ಓದಿ ನಾನು ಹಿಡಿದ ದಾರಿ

ಡಿಗ್ರಿಯಲ್ಲಿ ಗಣಿತದ ಜೊತೆ ಅರ್ಥಶಾಸ್ತ್ರ ತೆಗೆದುಕೊಂಡಾಗ, ಮುಂದೆ ಪಾಠ ಹೇಳುವುದು ಬಿಟ್ಟರೆ ಬೇರೆ ಕೆಲಸ ಇದೆಯಾ ಎಂದು ನನಗೆ ಗೊತ್ತಿರಲಿಲ್ಲ. ಕೊನೆಯ ವರ್ಷ ಸಂಭವನೀಯತೆಯ ಪಾಠದಲ್ಲಿ ಮಾರ್ಟಾಲಿಟಿ ಟೇಬಲ್ ಬಂತು. ಒಂದೊಂದು ವಯಸ್ಸಿನವರಲ್ಲಿ ಎಷ್ಟು ಜನ ಇನ್ನೊಂದು ವರ್ಷ ಬದುಕುತ್ತಾರೆ ಎಂಬ ಪಟ್ಟಿ ಅದು. ಹ್ಯಾಲಿ ಧೂಮಕೇತುವಿಗೆ ಯಾರ ಹೆಸರಿದೆಯೋ ಆ ಹ್ಯಾಲಿ 1693ರಲ್ಲೇ ಇಂಥ ಪಟ್ಟಿ ಇಟ್ಟುಕೊಂಡು ವರ್ಷಾಶನದ (ಬದುಕಿರುವವರೆಗೆ ವರ್ಷ ವರ್ಷ ಸಿಗುವ ಹಣದ) ಬೆಲೆ ಲೆಕ್ಕ ಹಾಕಿದ್ದರು. ಅದು ನನ್ನನ್ನು ಹಿಡಿದುಬಿಟ್ಟಿತು. ಆಕ್ಚುಯರಿ, ಅಂದರೆ ವಿಮೆಯ ಅಪಾಯ ಮತ್ತು ಬೆಲೆ ಲೆಕ್ಕ ಹಾಕುವವನು, ಆಗಬೇಕು ಅನ್ನಿಸಿತು.

ಒಂದು ವಿಮಾ ಕಂಪನಿಗೆ ಸೇರಿದೆ. ಆಕ್ಚುಯರಿ ಪರೀಕ್ಷೆಗಳನ್ನು ಕೆಲಸ ಮಾಡುತ್ತಲೇ ಒಂದೊಂದಾಗಿ ಬರೆಯಬಹುದು. ಆದರೆ ವರ್ಷಗಟ್ಟಲೆ ಹಿಡಿಯುತ್ತದೆ, ತಾಳ್ಮೆ ಬೇಕು.

ನನಗೆ ದೊಡ್ಡ ಪಾಠ ಸಿಕ್ಕಿದ್ದು ಮಾತ್ರ ಪರೀಕ್ಷೆಯ ಹೊರಗೆ. ಆರೋಗ್ಯ ವಿಮೆಯಲ್ಲಿ ನಷ್ಟ ಆಗುತ್ತಿತ್ತು. ಸರಾಸರಿ ಕ್ಲೇಮ್ ತೆಗೆದು, ಪ್ರೀಮಿಯಂ ಇಷ್ಟು ಏರಿಸಿದರೆ ಸರಿಹೋಗುತ್ತದೆ ಎಂದು ಬರೆದುಕೊಟ್ಟೆ. ಹಿರಿಯ ಸಹೋದ್ಯೋಗಿ ಕೇಳಿದ್ದು ಒಂದೇ ಪ್ರಶ್ನೆ: "ಪ್ರೀಮಿಯಂ ಏರಿದ ಮೇಲೂ ಇದೇ ಜನ ಇರ್ತಾರೆ ಅಂದ್ಕೊಂಡಿದ್ದೀರಾ?"

ಹೀಗೆ ಯೋಚಿಸಿ. 100 ಜನ ಇದ್ದಾರೆ. ಅರ್ಧ ಜನರಿಗೆ ವರ್ಷಕ್ಕೆ ತಲಾ 200 ಖರ್ಚು, ಉಳಿದವರಿಗೆ 600. ಸರಾಸರಿ 400. ಪ್ರೀಮಿಯಂ 400 ಅಂದ ಕೂಡಲೇ ಗಟ್ಟಿಮುಟ್ಟಾಗಿರುವವರಲ್ಲಿ ಹಲವರು "ಇದು ಜಾಸ್ತಿ ಆಯ್ತು" ಎಂದು ಬಿಟ್ಟು ಹೋಗುತ್ತಾರೆ. ಎಲ್ಲರೂ ಹೋದರೆ ಉಳಿದ 50 ಜನರಿಂದ ಬರುವುದು 20,000, ಕೊಡಬೇಕಾದದ್ದು 30,000. ಮತ್ತೆ ಏರಿಸಿದರೆ, ಉಳಿದವರಲ್ಲೂ ಕಡಿಮೆ ಕಾಯಿಲೆಯವರು ಹೊರಡುತ್ತಾರೆ. ಇದೇ ತರ್ಕವನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯ ಉದಾಹರಣೆ ಕೊಟ್ಟು ಹೇಳಿದ್ದರು. 2001ರಲ್ಲಿ ಅವರಿಗೆ ನೊಬೆಲ್ ಬಂತು. ನಾನು ಅದನ್ನು ಕ್ಲಾಸಿನಲ್ಲಿ ಓದಿದ್ದೆ, ಉತ್ತರವನ್ನೂ ಬರೆದಿದ್ದೆ. ಆದರೆ ನನ್ನ ಮುಂದಿದ್ದ ಲೆಕ್ಕದಲ್ಲಿ ಅದೇ ಇದೆ ಎಂದು ಹೊಳೆದಿರಲಿಲ್ಲ.

ಆಮೇಲೆ ಎಕನಾಮೆಟ್ರಿಕ್ಸ್ (ಅಂಕಿಅಂಶ ಇಟ್ಟುಕೊಂಡು ಆರ್ಥಿಕ ಸಂಬಂಧಗಳನ್ನು ಅಳೆಯುವ ಶಾಸ್ತ್ರ) ಅನ್ನು ಮತ್ತೆ ಮೊದಲಿನಿಂದ ಓದಿದೆ. ಎರಡು ಸಂಖ್ಯೆ ಒಟ್ಟಿಗೆ ಏರುವುದು ಬೇರೆ, ಒಂದರಿಂದ ಇನ್ನೊಂದು ಏರುವುದು ಬೇರೆ. ಇದನ್ನು ಬಿಡಿಸಿ ನೋಡಬಲ್ಲವರು ಎಲ್ಲ ಕಡೆ ಬೇಕು: ಬ್ಯಾಂಕಿನ ರಿಸ್ಕ್ ವಿಭಾಗ, ಸೆಂಟ್ರಲ್ ಬ್ಯಾಂಕ್, ಸರ್ಕಾರಿ ಯೋಜನೆಗಳ ಫಲ ಅಳೆಯುವ ತಂಡ, ಆನ್‌ಲೈನ್ ಕಂಪನಿ. ಹರಾಜಿನ ನಿಯಮ ರೂಪಿಸುವುದೂ ಒಂದು ಕೆಲಸವೇ. ಅಮೆರಿಕದಲ್ಲಿ 1994ರಲ್ಲಿ ತರಂಗಾಂತರ ಹರಾಜು ಹಾಕಿದ ವಿಧಾನದ ಹಿಂದಿದ್ದ ಅರ್ಥಶಾಸ್ತ್ರಜ್ಞರಾದ ಮಿಲ್‌ಗ್ರಾಮ್ ಮತ್ತು ವಿಲ್ಸನ್‌ಗೆ 2020ರಲ್ಲಿ ನೊಬೆಲ್ ಸಿಕ್ಕಿತು.

ಈ ಕಡೆ ಬರುವವರು ಲೀನಿಯರ್ ಆಲ್ಜೀಬ್ರಾ, ಸಂಖ್ಯಾಶಾಸ್ತ್ರ ಗಟ್ಟಿ ಮಾಡಿಕೊಳ್ಳಿ. ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಆರ್ ಅಥವಾ ಪೈಥಾನ್, ಒಂದು ಸಾಕು. ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುವ ಆಸೆ ಇದ್ದರೆ ರಿಯಲ್ ಅನಾಲಿಸಿಸ್ (ಕಲನಶಾಸ್ತ್ರದ ಹಿಂದಿನ ಸಾಧನೆಗಳನ್ನು ಕಲಿಸುವ ಗಣಿತ) ಬಿಡಬೇಡಿ. ನಾನು ಬಿಟ್ಟಿದ್ದೆ. ಆಮೇಲೆ ಅದನ್ನು ಒಬ್ಬನೇ ಕೂತು ಕಲಿಯೋಕೆ ಒಂದು ವರ್ಷ ಬೇಕಾಯಿತು.