ಪುಸ್ತಕ ನೋಡಿ ಬಿಗ್ ವಾಲ್ ಆರೋಹಣ ಕಲಿತದ್ದು: ನನ್ನ ಅನುಭವ

ತೀರ್ಥಹಳ್ಳಿ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಂಡೆ ಹತ್ತುವ ಮಾತೇ ಇಲ್ಲ. ಕಲ್ಲಿನ ಮೈಯೆಲ್ಲ ಪಾಚಿ ಕಟ್ಟುತ್ತದೆ, ಬಿರುಕುಗಳಲ್ಲಿ ನೀರು ಜಿನುಗುತ್ತದೆ, ಬುಡದವರೆಗೆ ನಡೆದು ಹೋಗುವಷ್ಟರಲ್ಲಿ ಕಾಲ್ಬೆರಳಿನ ಸಂದಿಗಳಲ್ಲಿ ಉಂಬಳಗಳಿರುತ್ತವೆ. ಆದ್ದರಿಂದ ಬಿಗ್ ವಾಲ್, ಅಂದರೆ ಬಹಳ ಎತ್ತರದ ಕಡಿದಾದ ಬಂಡೆಗೋಡೆಗಳನ್ನು ಏರುವ ವಿದ್ಯೆಯ ನನ್ನ ಕಲಿಕೆ ಆರಂಭವಾದದ್ದು ನಮ್ಮ ಮನೆಯ ಹಳೆಯ ಕೊಟ್ಟಿಗೆಯಲ್ಲಿ. ಅಲ್ಲಿನ ಗಟ್ಟಿಮುಟ್ಟಾದ ತೊಲೆಗೆ ಹಗ್ಗ ಬಿಗಿದು, ಪುಸ್ತಕವನ್ನು ಹುಲ್ಲಿನ ಹೊರೆಯ ಮೇಲೆ ತೆರೆದಿಟ್ಟುಕೊಂಡು, ಚಿಕ್ಕಪ್ಪನ ಮಗನಿಂದ ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದಿಸಿ ಹಾಗೆಯೇ ಮಾಡುತ್ತಾ ಹೋದೆ.

ಅದಕ್ಕೆ ಮೊದಲು ಬಾದಾಮಿಯ ಮರಳುಗಲ್ಲಿನ ಮೇಲೆ ಶಿಲಾರೋಹಣದ ಪ್ರಾಥಮಿಕ ತರಬೇತಿ ಪಡೆದಿದ್ದೆ. ಗಂಟು ಹಾಕುವುದು, ಬಿಲೇ ಮಾಡುವುದು (ಹತ್ತುವವರ ಹಗ್ಗ ಹಿಡಿದು ಕಾಯುವುದು), ಹಗ್ಗದಲ್ಲಿ ಇಳಿಯುವುದು ನನಗೆ ತಿಳಿದಿತ್ತು. ಇಷ್ಟನ್ನೂ ಪುಸ್ತಕದಿಂದಲೇ ಕಲಿಯುತ್ತೇನೆಂದು ಯಾರಾದರೂ ಹೊರಟರೆ ನಾನು ಬೇಡವೆಂದೇ ಹೇಳುತ್ತೇನೆ. ಆದರೆ ಅದರಾಚೆಗಿನ ಏಡ್ ಕ್ಲೈಂಬಿಂಗನ್ನು ಹೇಳಿಕೊಡುವವರು ನನ್ನ ಸುತ್ತಮುತ್ತ ಯಾರೂ ಇರಲಿಲ್ಲ. ಸಾಮಾನ್ಯ ಆರೋಹಣದಲ್ಲಿ ಸಲಕರಣೆ ಇರುವುದು ಬಿದ್ದರೆ ಹಿಡಿಯಲಿಕ್ಕೆ ಮಾತ್ರ. ಏಡ್‌ನಲ್ಲಿ ಬಿರುಕಿಗೆ ಸಿಕ್ಕಿಸಿದ ಲೋಹದ ತುಂಡಿಗೆ ಪಟ್ಟಿಯ ಏಣಿಯೊಂದನ್ನು ತೂಗುಹಾಕಿ ಅದರ ಮೇಲೆಯೇ ನಿಂತು ಮುಂದಿನ ತುಂಡನ್ನು ಇಡಬೇಕು. ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಯಲ್ಲಿರುವ ಸುಮಾರು 900 ಮೀಟರ್ ಎತ್ತರದ ಎಲ್ ಕ್ಯಾಪಿಟನ್ ಗೋಡೆಯನ್ನು ವಾರನ್ ಹಾರ್ಡಿಂಗ್ ಮತ್ತು ಸಂಗಡಿಗರು 1958ರಲ್ಲಿ 'ನೋಸ್' ಮಾರ್ಗವಾಗಿ ಮೊದಲ ಬಾರಿಗೆ ಏರಿದ್ದು ಬಹುಪಾಲು ಈ ವಿಧಾನದಿಂದಲೇ. ನನಗೆ ಸಿಕ್ಕಿದ ಪುಸ್ತಕಗಳೂ ಆ ಕಣಿವೆಯ ಅನುಭವದಿಂದ ಹುಟ್ಟಿದವು: ಒಂದು, ರಾಯಲ್ ರಾಬಿನ್ಸ್ 1973ರಲ್ಲಿ ಹೊರತಂದ 'ಅಡ್ವಾನ್ಸ್ಡ್ ರಾಕ್‌ಕ್ರಾಫ್ಟ್', ಇನ್ನೊಂದು, ಜಾನ್ ಲಾಂಗ್ ಮತ್ತು ಜಾನ್ ಮಿಡೆನ್‌ಡಾರ್ಫ್ ಬರೆದು 1994ರಲ್ಲಿ ಪ್ರಕಟವಾದ 'ಬಿಗ್ ವಾಲ್ಸ್'.

ಮೊದಲ ತಿಂಗಳು ನಾನು ಮಾಡಿದ ತಪ್ಪೆಂದರೆ ಪುಸ್ತಕವನ್ನು ಓದಿ ಅರ್ಥವಾಯಿತೆಂದು ಮುಚ್ಚಿಟ್ಟದ್ದು. ತೊಲೆಗೆ ನೇತುಬಿದ್ದ ಕ್ಷಣದಲ್ಲಿ ಎಡಗೈಯಲ್ಲಿ ಏನಿರಬೇಕು, ಯಾವ ಕ್ಯಾರಬಿನರ್ (ತೆರೆದು ಮುಚ್ಚುವ ಲೋಹದ ಕೊಂಡಿ) ಮೊದಲು ಕಳಚಬೇಕು ಎಂಬುದೇ ತೋಚುತ್ತಿರಲಿಲ್ಲ. ಬಳಿಕ ಪ್ರತಿಯೊಂದು ಕ್ರಮವನ್ನೂ ಶಾಲೆಯ ನೋಟುಪುಸ್ತಕವೊಂದರಲ್ಲಿ ಕನ್ನಡದಲ್ಲಿ ಬರೆಯತೊಡಗಿದೆ. ತುಂಡನ್ನು ಇಡು, ಏಣಿಯನ್ನೂ ಸೊಂಟಕ್ಕೆ ಕಟ್ಟಿದ ಪಟ್ಟಿಯಾದ ಡೈಸಿಯನ್ನೂ ಸಿಕ್ಕಿಸು, ಕೆಳಗಿನ ತುಂಡಿನಲ್ಲಿ ಒಂದು ಕಾಲಿಟ್ಟುಕೊಂಡೇ ಮೇಲಿನದನ್ನು ಮೊದಲು ಮೆಲ್ಲಗೆ, ಆಮೇಲೆ ಜಗ್ಗಿ ಪರೀಕ್ಷಿಸು, ಆಗ ಮುಖ ಮೇಲೆತ್ತಬೇಡ, ಭಾರ ವರ್ಗಾಯಿಸು, ಮೆಟ್ಟಿಲೇರು. ಮುಖ ಎತ್ತಬಾರದೇಕೆಂದರೆ, ಕಿತ್ತುಬಂದ ಲೋಹ ನೇರವಾಗಿ ಹಲ್ಲಿಗೇ ಬಡಿಯುತ್ತದೆ. ಹೀಗೆ ಬರೆಯುವಾಗ ಪುಸ್ತಕ ಹೇಳದೆ ಬಿಟ್ಟ ಸಂದುಗಳು ಕಾಣಿಸಿದವು. ಹಗ್ಗವನ್ನು ಮೇಲಿನ ತುಂಡಿಗೆ ಯಾವಾಗ ಸಿಕ್ಕಿಸಬೇಕೆಂಬುದು ಅಂಥ ಒಂದು ಸಂದು. ತಲೆಯ ಮೇಲಿರುವಾಗಲೇ ಸಿಕ್ಕಿಸಬೇಕಾದರೆ ಹಗ್ಗವನ್ನು ಅಷ್ಟುದ್ದ ಎಳೆದುಕೊಳ್ಳಬೇಕು. ಆ ತುಂಡು ಕಿತ್ತರೆ ಎಳೆದುಕೊಂಡ ಸಡಿಲವೆಲ್ಲ ಬೀಳುವ ದೂರಕ್ಕೆ ಸೇರುತ್ತದೆ. ಈ ಲೆಕ್ಕವನ್ನು ಕಾಗದದ ಮೇಲೆ ಗೆರೆ ಹಾಕಿ ನೋಡಿದ ಮೇಲೆ, ತುಂಡು ಸೊಂಟದ ಮಟ್ಟಕ್ಕೆ ಬರುವವರೆಗೆ ಕಾಯುವುದು ನನಗೆ ರೂಢಿಯಾಯಿತು.

ಡೈಸಿ ಚೈನ್ ಬಗ್ಗೆ ಪುಸ್ತಕದಲ್ಲಿ ಇದ್ದ ಎಚ್ಚರಿಕೆಯನ್ನು ನಾನು ಮೂರು ಸಲ ಓದಿಯೂ ಗ್ರಹಿಸಿರಲಿಲ್ಲ. ಡೈಸಿ ಎಂದರೆ ಉದ್ದನೆಯ ಪಟ್ಟಿಯನ್ನು ನಡುನಡುವೆ ಹೊಲಿದು ಜೇಬು ಜೇಬಾಗಿ ಮಾಡಿದ ಸಾಧನ. ಪಟ್ಟಿಯ ಪೂರ್ಣ ಬಲ ಹೆಚ್ಚಾಗಿದ್ದರೂ ಜೇಬುಗಳ ನಡುವಣ ಹೊಲಿಗೆ ತಡೆಯುವುದು ಸುಮಾರು 3 ಕಿಲೋನ್ಯೂಟನ್, ಅಂದರೆ ಸುಮಾರು 300 ಕಿಲೋ ತೂಕದಷ್ಟು ಮಾತ್ರ. ಒಂದೇ ಕ್ಯಾರಬಿನರನ್ನು ಎರಡು ಜೇಬುಗಳಿಗೆ ಒಟ್ಟಿಗೆ ಹಾಕಿ ಪಟ್ಟಿಯನ್ನು ಗಿಡ್ಡ ಮಾಡಿಕೊಂಡಾಗ ನಡುವಣ ಹೊಲಿಗೆ ಹರಿದರೆ ಕ್ಯಾರಬಿನರ್ ಪಟ್ಟಿಯಿಂದಲೇ ಬೇರ್ಪಡುತ್ತದೆ. ಇದು ಹೇಗೆ ಸಾಧ್ಯವೆಂದು ನನಗೆ ನಂಬಿಕೆಯಾಗಲಿಲ್ಲ. ಕೊನೆಗೆ ಹಳೆಯ ಚೀಲದ ಪಟ್ಟಿಯೊಂದನ್ನು ಮಡಚಿ, ಹೊಲಿಗೆಯ ಜಾಗದಲ್ಲಿ ಹತ್ತಿಯ ನೂಲು ಕಟ್ಟಿ, ಎರಡು ಜೇಬಿಗೆ ಕ್ಯಾರಬಿನರ್ ಹಾಕಿ, ನೂಲನ್ನು ಬ್ಲೇಡಿನಿಂದ ಕತ್ತರಿಸಿದೆ. ಕ್ಯಾರಬಿನರ್ ನನ್ನ ಅಂಗೈಗೆ ಬಂದು ಬಿತ್ತು. ಆ ರಾತ್ರಿ ನಾನು ಸರಿಯಾಗಿ ಊಟ ಮಾಡಲಿಲ್ಲ, ಏಕೆಂದರೆ ಹಿಂದಿನ ವಾರ ತೊಲೆಯ ಮೇಲೆ ನಾನು ಹಾಗೆಯೇ ನೇತಾಡಿದ್ದೆ. ಅಂದಿನಿಂದ ಡೈಸಿಯೊಂದನ್ನೇ ನಂಬಿ ಎಲ್ಲಿಯೂ ನಿಲ್ಲುವುದಿಲ್ಲ. ಬಂಡೆಗೆ ಭದ್ರವಾಗಿ ಹೂಡಿದ ಆಧಾರವಾದ ಆಂಕರ್‌ಗೆ ಹಗ್ಗದಿಂದಲೇ ಕ್ಲೋವ್ ಹಿಚ್ ಎಂಬ ಗಂಟು ಬೀಳುತ್ತದೆ.

ಹಗ್ಗದಲ್ಲಿ ಮೇಲಕ್ಕೆ ಸರಿದು ಕೆಳಕ್ಕೆ ಜಾರದ ಹಿಡಿಕೆಯಾದ ಜುಮಾರ್ ಬಳಸುವುದು ಅಷ್ಟು ಕಷ್ಟವಾಗಲಿಲ್ಲ. ಯೂಸಿ (Jüsi) ಮತ್ತು ಮಾರ್ಟಿ (Marti) ಎಂಬ ಇಬ್ಬರು ಸ್ವಿಸ್ಸರ ಹೆಸರಿನ ಮೊದಲಕ್ಷರಗಳಿಂದ ಆ ಹೆಸರು ಬಂತೆಂದು ತಮ್ಮನಿಗೆ ಹೇಳಿದಾಗ ಅವನು, "ಅಣ್ಣಾ, ನಮ್ಮ ಕೊನೆಗೌಡರ ತಳೆಗೆ ಯಾರ ಹೆಸರೂ ಇಲ್ಲವಲ್ಲ" ಎಂದ. ಅವನ ಮಾತು ನನಗೆ ನಾಟಿತು. ಕಾಲಿಗೆ ತಳೆ ಹಾಕಿ ಅಡಿಕೆ ಮರವೇರಿ, ಕೈಗಳೆರಡನ್ನೂ ಕೆಲಸಕ್ಕೆ ಬಿಡುವು ಮಾಡಿಕೊಳ್ಳುವ ನಮ್ಮ ತೋಟದ ಹಿರಿಯ ಕೊನೆಗೌಡರನ್ನು ಕರೆದು ಕೊಟ್ಟಿಗೆಯಲ್ಲಿ ನನ್ನ ಅಭ್ಯಾಸ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ನೀವು ತೋಳಿನಲ್ಲಿ ಹತ್ತುತ್ತಿದ್ದೀರಿ, ಕಾಲಿನಲ್ಲಿ ಹತ್ತಿ" ಎಂದರು. ಪುಸ್ತಕದಲ್ಲಿಯೂ ಅದೇ ವಾಕ್ಯವಿತ್ತು. ಮೇಲಿನ ಜುಮಾರಿನ ಪಟ್ಟಿ ಉದ್ದವಾದ್ದರಿಂದ ಕೈ ಪೂರ್ತಿ ಚಾಚಿ ಜಗ್ಗುತ್ತಿದ್ದೆ. ಮೊಣಕೈ ತುಸು ಮಡಚಿರುವಂತೆ ಗಿಡ್ಡ ಮಾಡಿದ ಮೇಲೆ ಆಯಾಸ ಅರ್ಧಕ್ಕಿಳಿಯಿತು. ಐದಾರು ಮೀಟರಿಗೊಮ್ಮೆ ಕೆಳಗಿನ ಹಗ್ಗದಲ್ಲಿ ಗಂಟು ಹಾಕಿ ಸೊಂಟಕ್ಕೆ ಕಟ್ಟುವ ಪಟ್ಟಿಯಾದ ಹಾರ್ನೆಸ್ಸಿಗೆ ಸಿಕ್ಕಿಸಿಕೊಳ್ಳುವುದನ್ನು ಮಾತ್ರ ಯಾವ ಆತುರದಲ್ಲಿಯೂ ಬಿಡಲಿಲ್ಲ.

ಡಿಸೆಂಬರ್ ಬಂದಾಗ ಪರಿಚಿತರೊಬ್ಬರ ಜಮೀನಿನಲ್ಲಿ, ಅವರ ಒಪ್ಪಿಗೆ ಪಡೆದು, 18 ಮೀಟರ್ ಎತ್ತರದ ಬಂಡೆಯೊಂದರ ಮೇಲೆ ಅಭ್ಯಾಸ ಆರಂಭಿಸಿದೆವು. ಕವಲೇದುರ್ಗದ ಕಡೆ ಒಳ್ಳೆಯ ಕಲ್ಲಿದೆಯೆಂದು ಹಲವರು ಹೇಳಿದ್ದರು, ಆದರೆ ಕೋಟೆಯ ಆಸುಪಾಸಿನಲ್ಲಿ ಸುತ್ತಿಗೆಯ ಸದ್ದು ಕೇಳಿಸುವುದು ನನಗೆ ಸಮ್ಮತವಿರಲಿಲ್ಲ. ಇಲ್ಲಿಯೂ ಪಿಟನ್ ಎಂಬ ಲೋಹದ ಮೊಳೆ ಹೊಡೆಯದೆ, ಬೆಣೆಯಂಥ ನಟ್ ಮತ್ತು ಬಿರುಕಿನೊಳಗೆ ಅರಳಿ ಹಿಡಿಯುವ ಕ್ಯಾಮ್‌ಗಳಿಂದಲೇ ಏರಬೇಕೆಂದು ನಿಶ್ಚಯಿಸಿದೆವು. ಕಲಿಯುವಷ್ಟೂ ದಿನ ಮೇಲಿನ ಮರದಿಂದ ಇನ್ನೊಂದು ರಕ್ಷಣಾ ಹಗ್ಗ ಇದ್ದೇ ಇತ್ತು.

ಅದು ಇದ್ದುದರಿಂದಲೇ ಈ ಬರಹ ಸಾಧ್ಯವಾಗಿದೆ. ಮೂರನೆಯ ದಿನ, ನೆಲದಿಂದ ಏಳೆಂಟು ಮೀಟರ್ ಮೇಲೆ, ನೋಡಲು ಪುಸ್ತಕದ ಚಿತ್ರದಂತೆಯೇ ಕುಳಿತಿದ್ದ ಕ್ಯಾಮ್ ಪರೀಕ್ಷೆಯನ್ನೂ ತಾಳಿಕೊಂಡು, ನಾನು ಪೂರ್ತಿ ಭಾರ ಹಾಕಿ ಎರಡು ಮೆಟ್ಟಿಲು ಏರಿದ ಬಳಿಕ ಸದ್ದಿಲ್ಲದೆ ಜಾರಿ ಬಂತು. ಮನೆಗೆ ಬಂದು ಲೆಕ್ಕ ಹಾಕಿದೆ. ಕ್ಯಾಮ್‌ನ ವಕ್ರರೇಖೆಯನ್ನು ಸುಮಾರು 14 ಡಿಗ್ರಿ ಕೋನ ಬರುವಂತೆ ರೂಪಿಸಿರುತ್ತಾರೆ. ಹಾಗಾದರೆ ಲೋಹಕ್ಕೂ ಕಲ್ಲಿಗೂ ನಡುವಣ ಘರ್ಷಣ ಗುಣಾಂಕ ಸುಮಾರು 0.25ಕ್ಕಿಂತ ಕಡಿಮೆಯಾದರೆ, ಸಮಾನಾಂತರ ಬಿರುಕಿನಲ್ಲಿ ಅದು ನಿಲ್ಲಲಾರದು. ಒಣಗಿದ ಶುದ್ಧ ಗ್ರಾನೈಟಿನಲ್ಲಿ ಘರ್ಷಣೆ ಬೇಕಾದಷ್ಟಿರುತ್ತದೆ. ನಮ್ಮ ಮಲೆನಾಡಿನ ಬಿರುಕುಗಳ ಒಳಗೆ ಡಿಸೆಂಬರಿನಲ್ಲಿಯೂ ಹಸಿ ಮಣ್ಣು ಮತ್ತು ಪಾಚಿಯ ತೆಳುವಾದ ಪದರ ಇರುತ್ತದೆ, ಅದು ಹೊರಗಿನಿಂದ ಕಾಣುವುದಿಲ್ಲ. ನಟ್ ಹಾಗಲ್ಲ, ಬಿರುಕು ಕಿರಿದಾಗುವ ಕಡೆ ಅದು ಆಕಾರದಿಂದಲೇ ಸಿಕ್ಕಿಕೊಳ್ಳುತ್ತದೆ. ಕ್ಯಾಮ್‌ಗಳು ಮಾರುಕಟ್ಟೆಗೆ ಬರುವ ಮೊದಲು ಬರೆದ ರಾಬಿನ್ಸ್‌ರ ಪುಸ್ತಕವೇ ಆಗ ನನಗೆ ಹೆಚ್ಚು ಉಪಯೋಗಕ್ಕೆ ಬಂತು. ಈಗ ತಂತಿಯ ಕುಂಚವೊಂದು ನನ್ನ ಸೊಂಟದಲ್ಲಿ ಯಾವಾಗಲೂ ತೂಗುತ್ತಿರುತ್ತದೆ, ಮತ್ತು ಆಯ್ಕೆಯಿದ್ದಲ್ಲಿ ನಾನು ನಟ್ ಅನ್ನೇ ಇಡುತ್ತೇನೆ.

ಆ ಪುಸ್ತಕಗಳಲ್ಲಿ ನಾನು ಕಾಣದ ಇನ್ನೊಂದು ವಿಷಯ ಹೆಜ್ಜೇನು. ನಮ್ಮ ಕಡೆಯ ಎತ್ತರದ ಬಂಡೆಗಳ ಚಾಚಿನ ಅಡಿಯಲ್ಲಿ ಹೆಜ್ಜೇನು ಕಟ್ಟುವುದು ಎಲ್ಲರಿಗೂ ಗೊತ್ತು. ಏಣಿಯ ಮೇಲೆ ನೇತಾಡುವವನು ಓಡಿಹೋಗಲಾರ, ಬೇಗ ಇಳಿಯಲೂ ಆರ. ಆದ್ದರಿಂದ ಹಿಂದಿನ ದಿನವೇ ದುರ್ಬೀನಿನಿಂದ ಇಡೀ ಬಂಡೆಯನ್ನು ನೋಡುತ್ತೇವೆ, ಹಳೆಯ ಹಟ್ಟಿಯ ಕಪ್ಪು ಗುರುತಿದ್ದರೂ ಸಾಕು, ಆ ಮಾರ್ಗವನ್ನು ಬಿಡುತ್ತೇವೆ.

ಸಾಮಾನಿನ ಚೀಲವನ್ನು ಹಿಂದಿನಿಂದ ಹಗ್ಗದಲ್ಲಿ ಮೇಲಕ್ಕೆ ಎಳೆದುಕೊಳ್ಳುವ ಪಾಠ ಬೇಗ ಮುಗಿಯಿತು. ಬಾವಿಯ ರಾಟೆಯಲ್ಲಿ ನೀರು ಸೇದಿದವರಿಗೆ ಅದರಲ್ಲಿ ಹೊಸತೇನಿಲ್ಲ. ಮರಳು ತುಂಬಿದ 30 ಕಿಲೋ ಚೀಲವನ್ನು ತೋಳಿನಿಂದ ಎಳೆಯದೆ ನನ್ನ ದೇಹದ ಭಾರವನ್ನೇ ಹಗ್ಗದ ಈಚೆ ತುದಿಗೆ ಹಾಕಿ ಕುಳಿತರೆ ಅದು ತಾನಾಗಿ ಏರುತ್ತದೆ, ರಾಟೆಯ ಬಳಿ ತಲೆಕೆಳಗಾಗಿ ಕಟ್ಟಿದ ಜುಮಾರ್ ಅದನ್ನು ಕೆಳಗೆ ಜಾರಗೊಡುವುದಿಲ್ಲ.

ನನ್ನನ್ನು ಅತಿ ಹೆಚ್ಚು ಕಾಡಿದ್ದು 'ಲೋವರ್ ಔಟ್', ಅಂದರೆ ಹಗ್ಗವನ್ನು ಮೆಲ್ಲಗೆ ಬಿಡುತ್ತಾ ಪಕ್ಕಕ್ಕೆ ಸರಿಯುವುದು. ಮುಂದಾಳು ಬಂಡೆಗೆ ಹೂಡಿದ ಒಂದು ಲೋಹದ ಬಳೆಯಿಂದ ತೂಗಾಡಿ ಪಕ್ಕದ ಬಿರುಕಿಗೆ ಹೋಗಿರುತ್ತಾನೆ. ಹಿಂದಿನಿಂದ ಜುಮಾರಿನಲ್ಲಿ ಬರುವವನು ಆ ಬಳೆಯಿಂದ ಸುಮ್ಮನೆ ಕಳಚಿಕೊಂಡರೆ ಬಂಡೆಗೆ ಅಡ್ಡಲಾಗಿ ಬೀಸಿ ಬಡಿಸಿಕೊಳ್ಳುತ್ತಾನೆ. ಚಿತ್ರದಲ್ಲಿ ಬಳೆಯ ಬಳಿ ಮೂರು ಎಳೆ ಹಗ್ಗ, ಎರಡು ಬಾಣದ ಗುರುತು. ಯಾವ ಎಳೆ ಮುಂದಾಳಿನಿಂದ ಬಂದದ್ದೆಂದು ತಿಳಿಯದೆ ಎರಡು ವಾರ ಕಳೆದೆ. ಕೊನೆಗೆ ಹಗ್ಗದ ಒಂದೊಂದು ಭಾಗಕ್ಕೂ ಬೇರೆ ಬೇರೆ ಬಣ್ಣದ ಟೇಪು ಸುತ್ತಿ, ಕೊಟ್ಟಿಗೆಯ ಒಂದು ಕಂಬವನ್ನು ಬಳೆಯೆಂದೂ ಎದುರಿನ ಕಂಬವನ್ನು ಮುಂದಾಳೆಂದೂ ಭಾವಿಸಿ, ತೊಲೆಯ ಅಡಿಯಲ್ಲಿ ನೆಲದಿಂದ ಒಂದಡಿ ಮೇಲೆ ನೇತುಕೊಂಡೆ. ನನ್ನ ಸೊಂಟದ ಗಂಟಿಗೂ ಕೆಳಗಿನ ಜುಮಾರಿಗೂ ನಡುವೆ ಜೋಲುವ ಹಗ್ಗದಿಂದ ಒಂದು ಮಡಿಕೆಯನ್ನು ಎತ್ತಿ, ಬಳೆಯೊಳಗೆ ತೂರಿಸಿ, ಮರಳಿ ನನ್ನ ಹಾರ್ನೆಸ್ಸಿಗೆ ಸಿಕ್ಕಿಸಿ, ಅದನ್ನು ಬಿಗಿಯಾಗಿ ಹಿಡಿದು ಡೈಸಿಯನ್ನು ಕಳಚಿದೆ. ಹಗ್ಗವನ್ನು ಅಂಗುಲ ಅಂಗುಲವಾಗಿ ಬಿಡುತ್ತಾ ಎದುರು ಕಂಬದ ನೇರಕ್ಕೆ ಬಂದು ನಿಂತೆ. ಅದುವರೆಗೆ ಸೊಂಟದ ಗಂಟನ್ನು ಬಿಚ್ಚಬೇಕಾಗಿಯೇ ಬಂದಿರಲಿಲ್ಲ. ಮಡಿಕೆಯನ್ನು ಹಾರ್ನೆಸ್ಸಿನಿಂದ ಬಿಡಿಸಿ ಎಳೆದಾಗ ಅದು ಬಳೆಯಿಂದ ಸರಾಗವಾಗಿ ಹೊರಬಂದು ನನ್ನ ಮೊಣಕಾಲಿನ ಮೇಲೆ ಬಿತ್ತು. ತಮ್ಮನು ಪುಸ್ತಕದ ಆ ಪುಟದ ಅಂಚಿನಲ್ಲಿ ದಿನಾಂಕ ಬರೆದು, ತನ್ನ ಸರದಿಗಾಗಿ ಹಾರ್ನೆಸ್ ಕಟ್ಟಿಕೊಳ್ಳತೊಡಗಿದ.